ಇಸಿಲದವರಿಗೆ ಬಂದ ಪತ್ರ

 

ಧಮ್ಮ ಬಂಧುಗಳೇ, ಇವತ್ತಿನ ಚಿಂತನೆಗೆ ಒಂದು ಹಳೆಯ ಪತ್ರ ತಂದಿದ್ದೇನೆ. ಇದನ್ನು ಕಾಪಾಡಿದ್ದು ಕಚೇರಿಯ ಕಪಾಟಲ್ಲ, ಬಂಡೆ. ಕೂಡ್ಲಿಗಿ ಸೀಮೆ ದಾಟಿದರೆ ಸಿಗುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಅದು ಅಶೋಕನ ಮಾತೆಂದು ಲೋಕಕ್ಕೆ ತಿಳಿದದ್ದು 1892ರಲ್ಲಿ, ಬಿ.ಎಲ್. ರೈಸ್ ಅವರಿಂದ.

ಶಾಸನ ಎನ್ನದೆ ಪತ್ರ ಅಂದೆ. ಅದರ ಆರಂಭ ನೋಡಿ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಹೇಳುವುದು. ಮೊದಲು ಅವರ ಆರೋಗ್ಯ ಕೇಳಬೇಕು, ಆಮೇಲೆ ದೇವಾನಾಂಪ್ರಿಯನ ಅಪ್ಪಣೆ ತಿಳಿಸಬೇಕು. ಅಂದರೆ ಚಕ್ರವರ್ತಿಯ ಮಾತು ಸುವರ್ಣಗಿರಿಗೆ ಬಂದು, ಅಲ್ಲಿಂದ ಇಸಿಲಕ್ಕೆ ಫಾರ್ವರ್ಡ್ ಆಗಿದೆ. ಬರೆದವನು ಆ ಮೇಲೊಕ್ಕಣೆಯನ್ನೂ ಬಿಡದೆ ಕಲ್ಲಿಗೆ ಇಳಿಸಿದ್ದಾನೆ. (ಈ 'ಇಸಿಲ' ಕನ್ನಡದ ಪದವೇ ಎಂದು ಡಿ.ಎಲ್. ನರಸಿಂಹಾಚಾರ್ ವಾದಿಸಿದ್ದರು. ಕನ್ನಡ ಮೇಷ್ಟ್ರಿಗೆ ಇದನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ.)

ಚಿಕ್ಕವನಿದ್ದಾಗ ನಮ್ಮ ಕೇರಿಗೆ ಬಂದ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೆ. ಕಾಫಿ ತೋಟಕ್ಕೆ, ಬೆಂಗಳೂರಿಗೆ ಗುಳೆ ಹೋದವರ ಇನ್‌ಲ್ಯಾಂಡ್ ಲೆಟರ್‌ಗಳು. ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ ಎಂಬಲ್ಲಿಗೆ ಅಜ್ಜಿಯರು ಅರ್ಧ ಸಮಾಧಾನವಾಗುತ್ತಿದ್ದರು. ದುಡ್ಡಿನ ವಿಷಯ ಆಮೇಲೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಅಧಿಕಾರಿಗಳಿಗೂ ಅದೇ ರೂಢಿಯಿತ್ತು.

ಈಗ ಒಳಗಿನ ಮಾತಿಗೆ ಬರೋಣ. ಬಳಗದ ಗೆಳೆಯರೊಬ್ಬರು ಕೇಳಿದ್ದರು: "ಸರ್, ದೀಕ್ಷೆ ತಗೊಂಡು ವರ್ಷ ಆಯ್ತು. ಪಂಚಶೀಲ ಬಾಯಿಗೆ ಬರ್ತದೆ, ಬದುಕಿಗೆ ಬರ್ತಿಲ್ಲ. ನಮ್ಮಂಥವರಿಗೆ ಇದು ಆಗೋ ಮಾತಾ?" ಈ ಪ್ರಶ್ನೆ ಅವರೊಬ್ಬರದ್ದಲ್ಲ. ಕೊಟ್ಟೂರಿನಲ್ಲೂ ಕೇಳಿದ್ದೇನೆ, ಹಗರಿಬೊಮ್ಮನಹಳ್ಳಿಯಲ್ಲೂ ಕೇಳಿದ್ದೇನೆ.

ಅಶೋಕ ಪತ್ರದಲ್ಲಿ ತಿಳಿಸುವುದು ಇದನ್ನೇ. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು. ಆದರೆ ಒಂದು ವರ್ಷ ತಾನು ಸರಿಯಾಗಿ ಪ್ರಯತ್ನಪಡಲಿಲ್ಲ. ಸಂಘದ ಹತ್ತಿರ ಹೋದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ, ಶ್ರಮಿಸುತ್ತಿದ್ದೇನೆ ಎಂದು. ಯಾರು ಯಾರಿಗೆ ಬರೆಸಿದ ಮಾತು ಇದು, ಯೋಚಿಸಿ. ಕಳಿಂಗ ಗೆದ್ದವನು ತನ್ನ ಕೈಕೆಳಗಿನ ನೌಕರರಿಗೆ ಬರೆಸಿದ್ದು! ರಾಜಕುಮಾರ ಓದಿದ, ಮಹಾಮಾತ್ರರು ಓದಿದರು, ಕಲ್ಲು ಕೆತ್ತುವವನೂ ಆ ಸಾಲಿನ ಮೇಲೆ ಉಳಿ ಆಡಿಸಿದ. 'ಈ ಒಂದು ವರ್ಷದ ಸುದ್ದಿ ಬೇಡ' ಎಂದು ಯಾರೂ ತೆಗೆಯಲಿಲ್ಲ. ಅದರ ಬೆನ್ನಿಗೇ ಬರುವ ಮಾತು, ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದಲ್ಲ, ಸಣ್ಣವನೂ ಶ್ರಮಿಸಿದರೆ ಮುಟ್ಟಬಲ್ಲ. ಮೊದಲ ಸಾಲು ಇರದಿದ್ದರೆ ಈ ಎರಡನೆಯದನ್ನು ನಾನು ನಂಬುತ್ತಿರಲಿಲ್ಲ.

ಏನು ಮಾಡಬೇಕು ಎಂಬುದೂ ಅಲ್ಲೇ ಇದೆ, ಗಹನವಾದದ್ದೇನಲ್ಲ. ತಂದೆತಾಯಿಯ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯರು ಗುರುವನ್ನು ಗೌರವಿಸುವುದು, ನಂಟರೊಡನೆ ಸರಿಯಾಗಿ ನಡೆದುಕೊಳ್ಳುವುದು.

ಕೊನೆಗೆ ಬರೆದವನ ರುಜು: ಚಪಡ. ಹೆಸರು ಬ್ರಾಹ್ಮಿಯಲ್ಲಿದೆ. 'ಲಿಪಿಕಾರ' ಎಂಬ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಅದು ದೂರದ ವಾಯವ್ಯ ಗಡಿಯ ಲಿಪಿ. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲೂ ಅವನದೇ ಹೆಸರು.

ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠದಲ್ಲಿ ಇನ್ನೊಂದು ಸೂಚನೆಯಿದೆ: ಭೇರಿ ಬಾರಿಸಿ ಜನರಿಗೆ ತಿಳಿಸಬೇಕು. ಓದು ಬಾರದವರಿಗೂ ಪತ್ರ ತಲುಪಲೆಂದು. ನಮ್ಮ ಹಳ್ಳಿಗಳಲ್ಲಿ ಹಲಗೆ ಬಡಿದು ಡಂಗುರ ಸಾರಿದ ನಮ್ಮ ಅಜ್ಜಂದಿರು ಊರಿನ ಸುದ್ದಿಯನ್ನೆಲ್ಲ ಬಾಯಿಪಾಠ ಮಾಡಿಯೇ ಸಾರಿದರು; ಅವರ ಕೈಗೆ ಯಾರೂ ಅಕ್ಷರ ಕೊಡಲಿಲ್ಲ.

ಬರುವ ಹುಣ್ಣಿಮೆಯ ವಂದನೆಗೆ ಕೂಡಿದಾಗ, ಹಡಗಲಿ, ಹರಪನಹಳ್ಳಿಯ ಬಂಧುಗಳೂ ಸೇರಿ, ಮನೆಯ ಹಿರಿಯರನ್ನು ಮುಂದೆ ಕೂರಿಸಿಕೊಂಡು ಈ ಪತ್ರದ ಅರ್ಥವನ್ನು ಗಟ್ಟಿಯಾಗಿ ಓದಿ ಹೇಳಿ. ಓದುವ ಮೊದಲು ಅವರ ಆರೋಗ್ಯ ಕೇಳಿ.

ಭವತು ಸಬ್ಬ ಮಂಗಲಂ.