ಹಾಯುವ ಎತ್ತಿಗೆ ಹಗ್ಗ



ದಶಾಜ್ಞೆಗಳನ್ನು ಕೊಟ್ಟ ಬೆನ್ನಲ್ಲೇ ದೇವರು ಇಸ್ರಯೇಲರಿಗೆ ಹಳ್ಳಿಯ ಬದುಕಿಗೆ ಬೇಕಾದ ಚಿಕ್ಕ ಚಿಕ್ಕ ನ್ಯಾಯವಿಧಿಗಳನ್ನೂ ಕೊಡುತ್ತಾರೆ. ವಿಮೋಚನಾಕಾಂಡದ 21ನೇ ಅಧ್ಯಾಯದ 28 ಮತ್ತು 29ನೇ ವಚನಗಳಲ್ಲಿ ಒಂದು ಎತ್ತಿನ ವಿಷಯ ಬರುತ್ತದೆ. ಎತ್ತು ಯಾರನ್ನಾದರೂ ಹಾಯ್ದು ಕೊಂದರೆ ಎತ್ತಿಗೆ ಶಿಕ್ಷೆ. ಯಜಮಾನನ ಮೇಲೆ ದೋಷವಿಲ್ಲ. ಆದರೆ ಆ ಎತ್ತು ಮೊದಲಿನಿಂದಲೂ ಹಾಯುತ್ತಿತ್ತು, ಊರವರು ಯಜಮಾನನಿಗೆ ಹೇಳಿಯೂ ಇದ್ದರು, ಆದರೂ ಅವನು ಕಟ್ಟಿಹಾಕಲಿಲ್ಲ ಎಂದಾದರೆ, ಸತ್ತವನ ರಕ್ತಕ್ಕೆ ಯಜಮಾನನೇ ಹೊಣೆ.

ದನ ಕಟ್ಟಿ ಬೆಳೆದ ನಮಗೆ ಈ ವಿಧಿಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಯಜಮಾನ ಯಾರನ್ನೂ ಹೊಡೆದಿಲ್ಲ, ಯಾರ ಮೇಲೂ ಕೈ ಎತ್ತಿಲ್ಲ. ಅವನು ಮಾಡಿದ್ದು ಏನೂ ಇಲ್ಲ. ಏನೂ ಮಾಡದೆ ಕುಳಿತದ್ದೇ ಅವನ ಅಪರಾಧ. ಪ್ರತಿ ಬಲಿಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಪಾಪವನ್ನು ಒಪ್ಪಿಕೊಳ್ಳುವಾಗ ನಾವು ಆಲೋಚನೆ, ಮಾತು, ಕ್ರಿಯೆಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯವನ್ನೂ ಹೇಳುತ್ತೇವೆ. ಮೊದಲ ಮೂರನ್ನು ನೆನೆಯುವುದು ಸುಲಭ. ನಾಲ್ಕನೆಯದು ಬಾಯಿಯಲ್ಲಿ ಬಂದು ಹಾಗೇ ಹೋಗಿಬಿಡುತ್ತದೆ. ಈ ಬಾರಿ ಆ ನಾಲ್ಕನೆಯದನ್ನು, ನಮಗೆ ದೂರದ್ದೆಂದು ಕಾಣುವ ಒಂದು ವಿಷಯದ ಮೂಲಕ ಯೋಚಿಸೋಣ. ಅದು ಜೈವಿಕ ಅಸ್ತ್ರಗಳ ವಿಷಯ.

ರೋಗಾಣುವನ್ನೋ ಜೀವಿಗಳಿಂದ ಬರುವ ವಿಷವನ್ನೋ ಜನರನ್ನು, ದನಕರುಗಳನ್ನು, ಬೆಳೆಯನ್ನು ನಾಶಮಾಡಲು ಬಳಸಿದರೆ ಅದು ಜೈವಿಕ ಅಸ್ತ್ರ. ಕಲ್ಹೇರ್, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ನಮಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ನಮ್ಮ ಮನೆಯ ಮಕ್ಕಳ ಮೂಲಕವೇ ಇದೆ. ಬಿ.ಎಸ್ಸಿ. ಓದಿದ ಯುವಕ ಯುವತಿಯರು ಕೆಲಸಕ್ಕೆ ಹೋಗುವುದು ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳಿಗೆ, ಹೈದರಾಬಾದಿನ ಪ್ರಯೋಗಾಲಯಗಳಿಗೆ, ಶಾಮೀರ್‌ಪೇಟೆ ಕಡೆಯ ಜಿನೋಮ್ ವ್ಯಾಲಿಯ ಲಸಿಕೆ ಸಂಸ್ಥೆಗಳಿಗೆ. ಲೋಕದ ನಾನಾ ದೇಶಗಳ ಮಕ್ಕಳಿಗೆ ಹಾಕುವ ಲಸಿಕೆ ಅಲ್ಲಿ ತಯಾರಾಗುತ್ತದೆ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು ಸಿಕಂದರಾಬಾದಿನಲ್ಲೇ. ರೋಗಾಣುವನ್ನು ಅರಿಯುವ ವಿದ್ಯೆ ನಮ್ಮ ನೆರೆಯ ನಗರದಲ್ಲಿ ಹಳೆಯದು, ಅದು ದೇವರ ವರ. ಉಳುವ ಎತ್ತೂ ವರವೇ. ಆದರೆ ಹಾಯುವ ಗುಣವಿದ್ದರೆ ಅದಕ್ಕೆ ಹಗ್ಗ ಬೇಕು.

ಲೋಕದ ದೇಶಗಳು ಈ ಹಗ್ಗವನ್ನು ನಿಧಾನವಾಗಿ ಹೊಸೆದವು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಘೋರವನ್ನು ಕಂಡ ಮೇಲೆ 1925ರಲ್ಲಿ ಜಿನೀವಾ ಪ್ರೋಟೋಕಾಲ್ ಬಂತು. ಯುದ್ಧದಲ್ಲಿ ವಿಷಾನಿಲವನ್ನೂ ರೋಗಾಣುಗಳನ್ನೂ ಬಳಸಬಾರದು ಎಂದು ಅದು ಹೇಳಿತು. ಆದರೆ ತಯಾರಿಸಬಾರದು, ಇಟ್ಟುಕೊಳ್ಳಬಾರದು ಎಂದು ಹೇಳಲಿಲ್ಲ. ನೀವು ಬಳಸಿದರೆ ನಾವೂ ಬಳಸುತ್ತೇವೆ ಎಂಬ ಷರತ್ತಿನೊಂದಿಗೆ ಅನೇಕ ದೇಶಗಳು ಸಹಿ ಹಾಕಿದವು. ಅಂದರೆ ಎತ್ತು ಕೊಟ್ಟಿಗೆಯಲ್ಲೇ ಇತ್ತು, ಕೊಂಬೂ ಚೂಪಾಗುತ್ತಲೇ ಇತ್ತು.

ಜೈವಿಕ ಅಸ್ತ್ರಗಳ ನಿಷೇಧ ಒಪ್ಪಂದ 1972ರ ಏಪ್ರಿಲ್ 10ರಂದು ಸಹಿಗೆ ತೆರೆಯಿತು, 1975ರ ಮಾರ್ಚ್ 26ರಂದು ಜಾರಿಗೆ ಬಂತು. ನಮ್ಮ ದೇಶ 1973ರಲ್ಲಿ ಸಹಿ ಹಾಕಿ 1974ರಲ್ಲಿ ಅನುಮೋದಿಸಿತು. ಪವಿತ್ರ ಪೀಠವೂ 2002ರಲ್ಲಿ ಇದಕ್ಕೆ ಸೇರಿತು. ಇದರ ಮೊದಲ ನಾಲ್ಕು ವಿಧಿಗಳನ್ನು ನೋಡಿ. ಒಂದು, ಇಂಥ ಅಸ್ತ್ರಗಳನ್ನು ರೂಪಿಸಬಾರದು, ತಯಾರಿಸಬಾರದು, ಕೂಡಿಡಬಾರದು. ಎರಡು, ಇದ್ದರೆ ನಾಶಮಾಡಬೇಕು ಇಲ್ಲವೇ ಶಾಂತಿಯ ಕೆಲಸಕ್ಕೆ ತಿರುಗಿಸಬೇಕು. ಮೂರು, ಯಾರಿಗೂ ಕೊಡಬಾರದು, ತಯಾರಿಸಲು ಯಾರಿಗೂ ನೆರವಾಗಬಾರದು, ಯಾರನ್ನೂ ಪ್ರಚೋದಿಸಬಾರದು. ನಾಲ್ಕು, ತನ್ನ ನೆಲದಲ್ಲಿ ಬೇರೆ ಯಾರೂ ಇದನ್ನು ಮಾಡದಂತೆ ಪ್ರತಿಯೊಂದು ದೇಶವೂ ತಡೆಯಬೇಕು.

ಆ ನಾಲ್ಕನೆಯ ವಿಧಿ ಮೋಶೆಯ ಕಾಲದ ಎತ್ತಿನ ವಿಧಿಯೇ ಅಲ್ಲವೇ? ನಾನು ಮಾಡಲಿಲ್ಲ ಎಂದರೆ ಸಾಲದು. ಆಗದಂತೆ ತಡೆದೆಯಾ ಎಂದು ಅದು ಕೇಳುತ್ತದೆ. ಆದಿಕಾಂಡದಲ್ಲಿ ಕಾಯಿನನು, ತಮ್ಮನನ್ನು ಕಾಯುವ ಹೊಣೆ ತನ್ನದೇ ಎಂದು ದೇವರನ್ನೇ ಮರಳಿ ಪ್ರಶ್ನಿಸಿದ. ಹೌದು, ನಿನ್ನದೇ ಎಂಬ ಉತ್ತರವನ್ನು ದೇಶಗಳು ತಮ್ಮ ಕಾನೂನಿನಲ್ಲೇ ಬರೆದುಕೊಂಡವು.

ಬರೆದುಕೊಂಡರೆ ಮಾತ್ರ ಸಾಕಾಗುವುದಿಲ್ಲ. ಈ ಒಪ್ಪಂದದ ಪ್ರತಿಯನ್ನು ಕಾಪಾಡುವ ಮೂರು ದೇಶಗಳಲ್ಲಿ ಸೋವಿಯತ್ ಒಕ್ಕೂಟವೂ ಒಂದಾಗಿತ್ತು. ಆದರೂ ಅದು ಗುಟ್ಟಾಗಿ ಜೈವಿಕ ಅಸ್ತ್ರಗಳನ್ನು ತಯಾರಿಸುತ್ತಲೇ ಹೋಯಿತು. 1979ರ ಏಪ್ರಿಲ್‌ನಲ್ಲಿ ಸ್ವೆರ್ಡ್ಲೋವ್‌ಸ್ಕ್ ನಗರದ ಒಂದು ಸೇನಾ ಕೇಂದ್ರದಿಂದ ಆಂಥ್ರಾಕ್ಸ್ ಬೀಜಾಣುಗಳು ಗಾಳಿಗೆ ಸೋರಿದವು. ಕನಿಷ್ಠ 66 ಜನ ಸತ್ತರು. ಗಾಳಿ ಬೀಸಿದ ದಿಕ್ಕಿನಲ್ಲಿ ಸುಮಾರು 50 ಕಿಲೋಮೀಟರ್ ದೂರದ ಹಳ್ಳಿಗಳವರೆಗೂ ಕುರಿ ದನಗಳು ಸತ್ತವು. ಕೆಟ್ಟ ಮಾಂಸ ತಿಂದು ಸತ್ತರು ಎಂದು ಸರ್ಕಾರ ಹೇಳಿತು. ಸೇನೆಯ ಕೆಲಸವೇ ಕಾರಣವೆಂದು ಅಧ್ಯಕ್ಷ ಯೆಲ್ಟ್ಸಿನ್ ಒಪ್ಪಿಕೊಂಡದ್ದು 1992ರಲ್ಲಿ.

ಆಂಥ್ರಾಕ್ಸ್ ಎಂದರೆ ನಮ್ಮ ಕುರಿಗಾಹಿಗಳಿಗೆ ಗೊತ್ತಿರುವ ನೆರಡಿ ರೋಗವೇ. ಅದರ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ಹೀಗಾಗಿಯೇ, ನೆರಡಿಯಿಂದ ಸತ್ತಿರಬಹುದೆಂಬ ಅನುಮಾನವಿರುವ ಕುರಿಯನ್ನು ಸುಲಿಯಬಾರದು, ಕೊಯ್ಯಬಾರದು, ಪಶುವೈದ್ಯರಿಗೆ ತಿಳಿಸಬೇಕು ಎನ್ನುತ್ತಾರೆ. ಸತ್ತ ಕುರಿಯ ಬೆಲೆಯನ್ನು ಕಳೆದುಕೊಳ್ಳುವುದು ಬಡ ಕುಟುಂಬಕ್ಕೆ ಸಣ್ಣ ನಷ್ಟವಲ್ಲ. ಆದರೂ ನೆರೆಯವನ ಪ್ರಾಣಕ್ಕಾಗಿ ಆ ನಷ್ಟವನ್ನು ಹೊರುವ ಬಡ ಕುರಿಗಾಹಿ, ಒಪ್ಪಂದಕ್ಕೆ ಸಹಿ ಹಾಕಿ ಮುರಿದ ದೊಡ್ಡ ದೇಶಕ್ಕಿಂತ ದೇವರ ನ್ಯಾಯವಿಧಿಗೆ ಹತ್ತಿರವಿದ್ದಾನೆ.

ಈ ಒಪ್ಪಂದಕ್ಕೆ ಇಂದು ನೂರೆಂಬತ್ತಕ್ಕೂ ಹೆಚ್ಚು ದೇಶಗಳು ಸೇರಿವೆ. ಆದರೆ ಯಾರ ಮನೆಗೆ ಹೋಗಿ ಯಾರು ಪರಿಶೀಲಿಸಬೇಕು ಎಂಬ ಏರ್ಪಾಡು ಅದರಲ್ಲಿ ಇಲ್ಲ. ಅಂಥದ್ದೊಂದನ್ನು ಮಾಡಲು ವರ್ಷಗಟ್ಟಲೆ ನಡೆದ ಮಾತುಕತೆ 2001ರಲ್ಲಿ ಮುರಿದುಬಿತ್ತು. ಅದೇ ವರ್ಷ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಬಂದ ಆಂಥ್ರಾಕ್ಸ್ ಪುಡಿಯಿಂದ ಐವರು ಸತ್ತರು. ದೇಶಗಳನ್ನು ಕಟ್ಟಿದರೆ ಸಾಲದು, ಒಬ್ಬೊಬ್ಬ ವ್ಯಕ್ತಿಯೂ ಹಾಯಬಲ್ಲ ಎಂದು ಲೋಕಕ್ಕೆ ಅರಿವಾಯಿತು. 2004ರ ಏಪ್ರಿಲ್ 28ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ 1540ನ್ನು ಅಂಗೀಕರಿಸಿತು. ಅಣು, ರಾಸಾಯನಿಕ, ಜೈವಿಕ ಅಸ್ತ್ರಗಳು ಖಾಸಗಿ ವ್ಯಕ್ತಿಗಳ, ಗುಂಪುಗಳ ಕೈ ಸೇರದಂತೆ ಪ್ರತಿ ದೇಶವೂ ಕಾನೂನು ಮಾಡಬೇಕು, ಗಡಿಯಲ್ಲಿ ಕಾವಲಿಡಬೇಕು, ಪ್ರಯೋಗಾಲಯಗಳಲ್ಲಿ ಲೆಕ್ಕ ಇಡಬೇಕು ಎಂದು ಅದು ಕಡ್ಡಾಯ ಮಾಡಿತು. ಮರುವರ್ಷ, 2005ರಲ್ಲಿ, ನಮ್ಮ ಸಂಸತ್ತು ಸಾಮೂಹಿಕ ವಿನಾಶದ ಅಸ್ತ್ರಗಳ ಕುರಿತ ಕಾಯ್ದೆಯನ್ನು ಮಾಡಿತು. ಜೈವಿಕ ಅಸ್ತ್ರ ತಯಾರಿಸಿದವನಿಗೆ ಕನಿಷ್ಠ ಐದು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ. ವಿದೇಶದಲ್ಲಿರುವ ಭಾರತೀಯನಿಗೂ ಅದು ಅನ್ವಯ. ಇದಕ್ಕೆ ಹಣ ಒದಗಿಸುವುದೂ ಅಪರಾಧವೆಂದು 2022ರಲ್ಲಿ ಸೇರಿಸಲಾಯಿತು.

ಹೊರದೇಶಕ್ಕೆ ಅನುಮತಿಯಿಲ್ಲದೆ ಕಳಿಸಬಾರದ ವಸ್ತುಗಳ ಸ್ಕೋಮೆಟ್ ಎಂಬ ಪಟ್ಟಿಯೊಂದು ನಮ್ಮ ದೇಶದಲ್ಲಿದೆ. ಅದರಲ್ಲಿ ಒಂದು ಕನ್ನಡ ಕಾಡಿನ ಹೆಸರಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರೂ ಜ್ವರದಿಂದ ಸತ್ತರು. ಉಣ್ಣೆಹುಳದಿಂದ ಹರಡುವ ಆ ಮಂಗನ ಕಾಯಿಲೆಯ ವೈರಸ್ಸಿಗೆ ಲೋಕವೆಲ್ಲ ಕ್ಯಾಸನೂರು ಎಂದೇ ಹೆಸರಿಟ್ಟಿತು. ಸೌದೆಗೂ ದನ ಮೇಯಿಸಲೂ ಕಾಡಿಗೆ ಹೋಗುವ ಮಲೆನಾಡಿನ ಬಡವರನ್ನು ಅದು ಇಂದಿಗೂ ಕಾಡುತ್ತಿದೆ. ಆ ವೈರಸ್ಸನ್ನು ಅಭ್ಯಾಸ ಮಾಡದೆ ಬೀಗ ಹಾಕಿ ಇಟ್ಟರೆ ಅವರಿಗೆ ಲಸಿಕೆ ಸಿಗುವುದಿಲ್ಲ. ಕಾವಲಿಲ್ಲದೆ ಬಿಟ್ಟರೆ ಅದು ಯಾರದೋ ಕೈಯ ಅಸ್ತ್ರವಾದೀತು. ಹೊಸ ಲಸಿಕೆಯ ಕೆಲಸವನ್ನು ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಕೈಗೆತ್ತಿಕೊಂಡಿರುವುದು ಹೈದರಾಬಾದಿನದೇ ಸಂಸ್ಥೆ, ಇಂಡಿಯನ್ ಇಮ್ಯುನಾಲಾಜಿಕಲ್ಸ್. ಹಗ್ಗ ಕಟ್ಟುವುದು ಎತ್ತನ್ನು ಕೊಲ್ಲುವುದಕ್ಕಲ್ಲ, ಉಳುಮೆಗೆ ಹೂಡುವುದಕ್ಕೆ.

ಒಪ್ಪಂದದ ಮೊದಲ ವಿಧಿಯೂ ಇದನ್ನೇ ಹೇಳುತ್ತದೆ. ರೋಗ ತಡೆಯಲು, ಕಾಪಾಡಲು, ಶಾಂತಿಯ ಕೆಲಸಕ್ಕೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಅದಕ್ಕೆ ಮೀರಿದ್ದು ಅಪರಾಧ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಔಡಲದ ಬೀಜದಲ್ಲಿ ಅಜ್ಜಿ ಕೊಡುತ್ತಿದ್ದ ಎಣ್ಣೆಯೂ ಇದೆ, ರೈಸಿನ್ ಎಂಬ ಘೋರ ವಿಷವೂ ಇದೆ. ಗಿಡದ ಮೇಲೆ ತಪ್ಪಿಲ್ಲ. ಕೇಡು ಹೊರಡುವುದು ಮನುಷ್ಯನ ಹೃದಯದಿಂದಲೇ ಎಂದು ಯೇಸುಸ್ವಾಮಿ ಕಲಿಸಿದ್ದಾರೆ. ಕಾನೂನು ಇಲ್ಲಿ ಅವರ ಮಾತಿಗೆ ಬಂದು ನಿಲ್ಲುತ್ತದೆ.

ಕ್ಯಾಸನೂರಿನ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ವಲಸೆ ಹಕ್ಕಿಗಳು ಈ ವೈರಸ್ಸನ್ನು ಹೊತ್ತು ತಂದವೇ ಎಂದು ವಿಜ್ಞಾನಿಗಳು ಹುಡುಕಿದರು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣ ಬಂದಿದೆ ಎಂದು ತಿಳಿದಾಗ ಜನರಲ್ಲಿ ಭಯ ಹುಟ್ಟಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ನೆರವಿನ ಸಂಶೋಧನೆಗಳ ಬಗ್ಗೆ ಗಟ್ಟಿಯಾಗಿ ಪ್ರಶ್ನೆ ಎತ್ತಿತು. ಪ್ರಶ್ನೆ ಕೇಳುವುದು ಕಾವಲುಗಾರನ ಕೆಲಸವೇ. ಸಮಿತಿ ಅದನ್ನು ಕಾಗದಪತ್ರ ತರಿಸಿ, ಅಧಿಕಾರಿಗಳನ್ನು ಕೂರಿಸಿ ಕೇಳಿತು. ಅನುಮಾನ ಬಂದರೆ ಮೊದಲು ಸಮಾಲೋಚಿಸಿ, ಬಳಿಕ ಸಾಕ್ಷ್ಯದೊಂದಿಗೆ ಭದ್ರತಾ ಮಂಡಳಿಗೆ ದೂರು ಕೊಡಿ ಎಂದೇ ಒಪ್ಪಂದದ 5 ಮತ್ತು 6ನೇ ವಿಧಿಗಳೂ ಹೇಳುತ್ತವೆ.

ನಾವು ಏನು ಮಾಡಿದೆವು? ಕೋವಿಡ್ ಬಂದ 2020ರಲ್ಲಿ ಯಾವ ದೇಶ ಬೇಕೆಂದೇ ಬಿಟ್ಟಿತು, ಯಾವ ಧರ್ಮದವರು ಬೇಕೆಂದೇ ಹರಡಿದರು ಎಂಬ ಸಂದೇಶಗಳು ವಾಟ್ಸ್ಯಾಪ್‌ನಲ್ಲಿ ಊರಿಂದೂರಿಗೆ ಓಡಿದವು. ನಾವೇ ಇಲ್ಲಿ ಭಾಷೆಯಲ್ಲೂ ವಿಶ್ವಾಸದಲ್ಲೂ ಅಲ್ಪಸಂಖ್ಯಾತರು. ಗುಂಪಿನ ಬೆರಳು ಯಾರ ಕಡೆ ತಿರುಗೀತೆಂದು ನಮಗೆ ಗೊತ್ತಿರಬೇಕು. ಸಾಕ್ಷ್ಯವಿಲ್ಲದೆ ನೆರೆಯವನನ್ನು ರೋಗದ ಬಿತ್ತುವವನೆನ್ನುವುದು ಎಂಟನೆಯ ಆಜ್ಞೆಯನ್ನು ಮುರಿದಂತೆ. ಅದರಿಂದ ರಕ್ತ ಹರಿದರೆ ಐದನೆಯದನ್ನೂ ಮುರಿದಂತೆ. ಸುಳ್ಳು ಸುದ್ದಿಯೂ ಹಾಯುವ ಎತ್ತೇ, ಅದನ್ನು ನಮ್ಮ ಫೋನಿನಲ್ಲೇ ಕಟ್ಟಿಹಾಕಬೇಕು.

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. ಇಡೀ ಊರುಗಳನ್ನು, ಅಲ್ಲಿಯ ಜನರನ್ನು ವಿವೇಚನೆಯಿಲ್ಲದೆ ನಾಶಮಾಡುವ ಯುದ್ಧಕೃತ್ಯ ದೇವರ ಮತ್ತು ಮನುಷ್ಯರ ವಿರುದ್ಧದ ಅಪರಾಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಖಂಡಿಸಿತು. ಅಣು, ಜೈವಿಕ, ರಾಸಾಯನಿಕ ಅಸ್ತ್ರಗಳು ಅಂಥ ಅಪರಾಧಕ್ಕೆ ದಾರಿ ಮಾಡಿಕೊಡುತ್ತವೆಂದು ಕಥೋಲಿಕ ಧರ್ಮೋಪದೇಶದ 2314ನೇ ಭಾಗ ಎಚ್ಚರಿಸುತ್ತದೆ. ಜಗದ್ಗುರು ಫ್ರಾನ್ಸಿಸರು 2020ರ ತಮ್ಮ ಫ್ರತೆಲ್ಲಿ ತುತ್ತಿ ಪತ್ರದಲ್ಲಿ ಇದೇ ಕಾರಣವನ್ನು ಹೇಳಿ, ಯುದ್ಧವನ್ನು ಪರಿಹಾರವೆಂದು ಎಣಿಸಬಾರದೆಂದರು. ರೋಗಾಣು ಸೈನಿಕನನ್ನೂ ಹಸುಗೂಸನ್ನೂ ಬೇರೆ ಮಾಡುವುದಿಲ್ಲ, ಗಡಿಯನ್ನೂ ನೋಡುವುದಿಲ್ಲ. ಮಹಾರಾಷ್ಟ್ರದಲ್ಲಿ ಹುಟ್ಟಿದ ಮಂಜೀರಾ ಬೀದರ್ ದಾಟಿ ನಮ್ಮ ಕಡೆಗೆ ಬಂದು, ಸಿಂಗೂರು ಜಲಾಶಯದಿಂದ ಹೈದರಾಬಾದಿನ ನಲ್ಲಿಗಳಿಗೆ ಹೋಗುವುದಿಲ್ಲವೇ? ಮೇಲಿನವರು ಕಾಯದಿದ್ದರೆ ಕೆಳಗಿನವರು ಕುಡಿಯುವುದು ಅದನ್ನೇ.

ಆದುದರಿಂದ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಾವು ಯುವಜನರು ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡೋಣ. ಮೊದಲನೆಯದು, ಲೆಕ್ಕಪುಸ್ತಕದಲ್ಲಿ ಇಲ್ಲದ್ದನ್ನು ಇದೆ ಎಂದು, ಇದ್ದುದನ್ನು ಇಲ್ಲ ಎಂದು ಬರೆಯುವುದು ಬೇಡ, ಮೇಲಿನವರು ಹೇಳಿದರೂ ಬೇಡ. ಸಣ್ಣ ಸುಳ್ಳು ಬರೆಯಲು ಕಲಿತ ಕೈಗೆ ದೊಡ್ಡದು ಕಷ್ಟವಾಗುವುದಿಲ್ಲ. ಎರಡನೆಯದು, ಒಂದು ಮಾದರಿಯನ್ನೋ ಒಂದು ವಿಧಾನವನ್ನೋ ಯಾರಾದರೂ ಹಣಕ್ಕಾಗಿ, ಸ್ನೇಹಕ್ಕಾಗಿ ಗುಟ್ಟಾಗಿ ಕೇಳಿದರೆ ಕೊಡಬಾರದು. ಕೇಳಿದರೆಂದು ಮೇಲ್ವಿಚಾರಕರಿಗೆ ತಿಳಿಸಬೇಕು. ಮೂರನೆಯದು, ಕಣ್ಣೆದುರು ತಪ್ಪು ನಡೆದರೆ ಸುಮ್ಮನಿರಬಾರದು. ತಳಿಮಾರ್ಪಡಿಸಿದ ಜೀವಿಗಳೊಂದಿಗೆ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಬೇಕೆಂದು 1989ರ ನಿಯಮಗಳು ಹೇಳುತ್ತವೆ. ಅದು ಯಾರು ಯಾರು, ಎಲ್ಲಿ ಹೇಳಬೇಕು ಎಂದು ಕೆಲಸಕ್ಕೆ ಸೇರಿದ ವಾರವೇ ಕೇಳಿ ತಿಳಿಯೋಣ.

ಇದು ಹೇಳಿದಷ್ಟು ಸುಲಭವಲ್ಲ. ಗುತ್ತಿಗೆ ಕೆಲಸದವನಿಗೆ ಬಾಯಿ ತೆರೆದರೆ ಕೆಲಸ ಹೋಗುವ ಭಯವಿದೆ. ತಿಂಗಳ ಸಂಬಳಕ್ಕೆ ಮನೆಯಲ್ಲಿ ಕಾಯುವವರಿದ್ದಾರೆ. ಅದಕ್ಕೇ ತಂದೆತಾಯಿಯರಲ್ಲಿ, ಹಿರಿಯರಲ್ಲಿ ಒಂದು ಬೇಡಿಕೆ. ಮಗನೋ ಮಗಳೋ ಇಂಥ ಕಾರಣಕ್ಕೆ ಕೆಲಸ ಬಿಟ್ಟು ಬಂದರೆ ನಿನಗ್ಯಾಕೆ ಬೇಕಿತ್ತು ಎನ್ನಬೇಡಿ. ಧರ್ಮಕೇಂದ್ರವಾಗಿ ನಾವು ಅವರ ಬೆನ್ನಿಗೆ ನಿಲ್ಲೋಣ, ಬೇರೆ ಕೆಲಸ ಹುಡುಕಿಕೊಡೋಣ. ಒಬ್ಬನೇ ಹಿಡಿದರೆ ಹಗ್ಗ ಕೈ ಕೊಯ್ಯುತ್ತದೆ, ಹತ್ತು ಜನ ಹಿಡಿದರೆ ಎತ್ತು ನಿಲ್ಲುತ್ತದೆ.

ಮುಂದಿನ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಪ್ರಯೋಗಾಲಯಗಳಲ್ಲಿ ದುಡಿಯುವ ಎಲ್ಲರನ್ನೂ, ಒಪ್ಪಂದಗಳನ್ನು ಬಲಪಡಿಸಲು ಜಿನೀವಾದಲ್ಲಿ ಕೂಡುವ ದೇಶಗಳ ಪ್ರತಿನಿಧಿಗಳನ್ನೂ, ಕ್ಯಾಸನೂರು ಕಾಡಿನಂಚಿನ ಕುಟುಂಬಗಳನ್ನೂ ನೆನೆಯೋಣ. ಪಾಪನಿವೇದನೆಗೆ ಹೋದಾಗ ಮಾಡದೆ ಬಿಟ್ಟ ಕರ್ತವ್ಯಗಳನ್ನೂ ಎಣಿಸಿ ಹೇಳೋಣ. ನೆರೆಯವರ ಪ್ರಾಣವನ್ನು ನಮ್ಮ ಕೈಗೆ ಒಪ್ಪಿಸಿರುವ ತಂದೆಯಾದ ದೇವರು, ಕಾಯುವ ಕಣ್ಣನ್ನೂ ಬಾಯಿ ತೆರೆಯುವ ಧೈರ್ಯವನ್ನೂ ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.