ಕಡಿವಾಣ ಯಾರ ಕೈಯಲ್ಲಿ?

ಕಳೆದ ದೀಪಾವಳಿ ಕೂಟದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸೈಕಲ್ಲಿನ ಮಾತು ಬಂತು. ಮನೆಯಲ್ಲೇ ಜೋಡಿಸಿದ ಎಲೆಕ್ಟ್ರಿಕ್ ಸೈಕಲ್ ಎಂದ ಕೂಡಲೇ ಐದಾರು ಜನ ಸುತ್ತ ಸೇರಿದರು. ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಸ್ಪೀಡ್ ಹೋಗುತ್ತೆ?" ಅದು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳಿದವರು ಒಬ್ಬರೇ, ಮಗುವನ್ನು ದಿನವೂ ಶಾಲೆಗೆ ನಡೆಸಿಕೊಂಡು ಹೋಗುವ ಒಬ್ಬ ತಾಯಿ. ಅವರಿಗೆ ಅಂದು ನಾವು ಏನೋ ತಮಾಷೆ ಮಾಡಿ ಮಾತು ಮರೆಸಿದೆವು. ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇವೆ.

ನಾವು ಎಂದರೆ ಲೂಕನ್ನಿನ ಒಂದು ಮನೆಯ ಮೂವರು: ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ. ಸೈಕಲ್ಲು ಮೂವರದೂ, ತಪ್ಪೂ ಮೂವರದೂ. ಹಾಗಾಗಿ ಯಾರು ಯಾವಾಗ ಏನು ಮಾಡಿದರೆಂದು ಬಿಡಿಸಿ ಹೇಳದೆ ಎಲ್ಲಕ್ಕೂ "ನಾವು" ಎಂದೇ ಬರೆದಿದ್ದೇವೆ. ಇದರಿಂದ ಮನೆಯ ಶಾಂತಿಗೂ ಅನುಕೂಲ.

ಡಬ್ಲಿನ್ ನಗರದ ಕೆಲಸಕ್ಕೆ ನಮ್ಮ ಮನೆಯಿಂದ ಸುಮಾರು 12 ಕಿ.ಮೀ. ಬೆಳಗಿನ ಹೊತ್ತು ಎನ್-4 ರಸ್ತೆಯಲ್ಲಿ ಕಾರು ನಿಂತಲ್ಲೇ ನಿಲ್ಲುತ್ತದೆ, ಬಸ್ಸು ತುಂಬಿ ಬರುತ್ತದೆ. ಷೆಡ್ಡಿನಲ್ಲಿ ಒಂದು ಹಳೆಯ ಸೈಕಲ್ಲಿತ್ತು. ಹಿಂದಿನ ಚಕ್ರದ ಗುಂಬದಲ್ಲೇ ಮೋಟಾರು ಕೂಡಿಸಿದ ಒಂದು ಕಿಟ್ ತರಿಸಿದೆವು: ಚಕ್ರ, ಕಂಟ್ರೋಲರ್ ಎಂಬ ಅಂಗೈಯಗಲದ ಡಬ್ಬಿ, ಹ್ಯಾಂಡಲ್ಲಿಗೆ ಒಂದು ಸಣ್ಣ ಪರದೆ, ತೊಡೆಯಷ್ಟು ದಪ್ಪದ 48 ವೋಲ್ಟ್ ಬ್ಯಾಟರಿ. ಎರಡು ಶನಿವಾರ ಅಡುಗೆಮನೆಯ ಮೇಜಿನ ಮೇಲೆ ಸ್ಪ್ಯಾನರು, ತಂತಿ, ಚಹಾ ಲೋಟಗಳು ಬೆರೆತು ಬಿದ್ದಿದ್ದವು. ಕೊಂಡ ವಸ್ತುವಿನಲ್ಲಿ ಸಿಗದ ಒಂದು ಸುಖ ಕೈಯಾರೆ ಮಾಡಿದ್ದರಲ್ಲಿ ಇದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮುಂದಿನದೆಲ್ಲ ಆ ಸುಖದಿಂದಲೇ ಶುರುವಾದದ್ದು.

ಅದೇ ಬೆಲೆಗೆ 250 ವ್ಯಾಟಿನ ಕಿಟ್ಟೂ ಇತ್ತು, 1000 ವ್ಯಾಟಿನದೂ ಇತ್ತು. ನಾವು 1000 ತರಿಸಿದೆವು. ಏಕೆ? "ಹೆಚ್ಚಿದ್ದರೆ ಒಳ್ಳೆಯದಲ್ಲವೇ, ಬೇಡದಿದ್ದರೆ ಕಡಿಮೆ ಇಟ್ಟುಕೊಂಡರಾಯಿತು." ಹದಿನೈದು ಜನರಿಗಾಗುವ ಕುಕ್ಕರನ್ನು ಮೂವರ ಮನೆಗೆ ಹೊತ್ತು ತರುವಾಗಲೂ ನಾವು ಹೇಳುವ ಮಾತು ಇದೇ. ಆದರೆ ಕುಕ್ಕರು ದಾರಿಯಲ್ಲಿ ಓಡುವುದಿಲ್ಲ.

ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಸಾಮಾನ್ಯ ಮನುಷ್ಯ ಸೈಕಲ್ ತುಳಿಯುವಾಗ ಏದುಸಿರಿಲ್ಲದೆ ಕೊಡಬಲ್ಲದ್ದು ನೂರು ವ್ಯಾಟಿನ ಆಸುಪಾಸು. ನಮ್ಮ ಕಂಟ್ರೋಲರ್ ಬ್ಯಾಟರಿಯಿಂದ 26 ಆಂಪಿಯರ್ ತನಕ ಎಳೆಯುತ್ತಿತ್ತು. 48ರಿಂದ ಗುಣಿಸಿದರೆ ಸುಮಾರು 1250 ವ್ಯಾಟ್. ಪೆಡಲು ಅರ್ಧ ಸುತ್ತು ತಿರುಗಿದರೆ ಸಾಕು, ತುಳಿಯುವ ಕಾಲಿನ ಜೋರೆಷ್ಟೆಂದು ನೋಡದೆ ಅಷ್ಟೂ ಶಕ್ತಿ ಒಮ್ಮೆಲೇ ಚಕ್ರಕ್ಕೆ ನುಗ್ಗುತ್ತಿತ್ತು. ಸಿಗ್ನಲ್ಲಿನಲ್ಲಿ ಕಾಲೂರಿ ನಿಂತವರು ಹಗ್ಗ ಕಡಿದ ಕರುವಿನಂತೆ ಮುಂದೆ ಜಿಗಿಯುತ್ತಿದ್ದೆವು. ಸಮತಟ್ಟಿನಲ್ಲಿ ಗಂಟೆಗೆ 40 ಕಿ.ಮೀ. ದಾಟುತ್ತಿತ್ತು. ಚೌಕಟ್ಟೂ ಬ್ರೇಕೂ ಮಾತ್ರ ತುಳಿಯುವ ಸೈಕಲ್ಲಿಗೆಂದು ಮಾಡಿದ ಅವೇ ಹಳೆಯವು.

ಲೂಕನ್ನಿನ ಹನ್ನೆರಡನೇ ಲಾಕ್‌ನಿಂದ ಇಂಚಿಕೋರ್ ಕಡೆಗೆ ಗ್ರ್ಯಾಂಡ್ ಕೆನಾಲಿನ ದಂಡೆಯಲ್ಲಿ ಒಂದು ದಾರಿಯಿದೆ. ನಡೆಯುವವರಿಗೂ ಸೈಕಲ್ಲಿನವರಿಗೂ ಅದನ್ನು ಸರಿಪಡಿಸಿ ತೆರೆದದ್ದು 2010ರಲ್ಲಿ. ಕಾಲುವೆಯ ಕೆಲಸ ಶುರುವಾದದ್ದಂತೂ 1756ರಷ್ಟು ಹಿಂದೆ. ದೋಣಿಗಳಿಗೆ ಎಂಜಿನ್ ಬರುವ ಮುಂಚೆ ಈ ದಂಡೆಯ ಮೇಲೆ ಕುದುರೆ ನಡೆಯುತ್ತಿತ್ತು, ಹಗ್ಗ ಕಟ್ಟಿದ ದೋಣಿ ನೀರಿನಲ್ಲಿ ಹಿಂದೆ ಬರುತ್ತಿತ್ತು. 1960ರಲ್ಲಿ ಸರಕು ದೋಣಿಗಳು ನಿಂತೇ ಹೋದವು. ಯೋಚಿಸಿ ನೋಡಿ: ಹತ್ತಾರು ಟನ್ ಸರಕನ್ನು ಒಂದು ಕುದುರೆ ಮನುಷ್ಯ ನಡೆಯುವ ವೇಗದಲ್ಲಿ ಎಳೆದುಕೊಂಡು ಹೋಗುತ್ತಿದ್ದ ದಾರಿಯಲ್ಲಿ, ಒಂದೂ ಕಾಲು ಕುದುರೆಗಿಂತ ಹೆಚ್ಚನ್ನು ಒಂದೇ ದೇಹಕ್ಕೆ ಕಟ್ಟಿಕೊಂಡು ನಾವು ಹೊರಟಿದ್ದೆವು. ಅದೂ ಊಟದ ಡಬ್ಬಿ ಒಂದರ ಸರಕಿಗೆ.

ಅಕ್ಟೋಬರ್ ತಿಂಗಳ ಒಂದು ಸಂಜೆ. ಎಲೆ ಬಿದ್ದು ದಾರಿ ಒದ್ದೆಯಾಗಿತ್ತು. ತಿರುವಿನಾಚೆ ಒಬ್ಬ ವಯಸ್ಸಾದವರು ನಾಯಿ ಹಿಡಿದು ನಡೆಯುತ್ತಿದ್ದರು. ನಾಯಿ ದಾರಿಯ ಆ ಬದಿ, ಅವರು ಈ ಬದಿ, ನಡುವೆ ಹಗ್ಗ. ಬ್ರೇಕು ಹಿಡಿದೆವು, ಹಿಂದಿನ ಚಕ್ರ ಜಾರಿತು, ಸೈಕಲ್ಲು ಹುಲ್ಲಿನ ಮೇಲೆ ಮಲಗಿತು. ನೀರಿಗೂ ನಮಗೂ ಒಂದು ಗಜ ಉಳಿದಿತ್ತು, ಅವರಿಗೂ ನಮಗೂ ಅದಕ್ಕಿಂತ ಕಡಿಮೆ. ಅವರು ಬೈಯಲಿಲ್ಲ. ಹತ್ತಿರ ಬಂದು, ನಿಮಗೇನೂ ಪೆಟ್ಟಾಗಲಿಲ್ಲವಷ್ಟೇ ಎಂದು ಕೇಳಿದರು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಕಾಗದ ಪೆನ್ನು ಹಿಡಿದು ಕೂತೆವು. 25 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ಹೋಗುತ್ತೇವೆ, 40ರಲ್ಲಿ 11 ಮೀಟರ್. ಕಣ್ಣು ಕಂಡು ಕೈ ಬ್ರೇಕು ಒತ್ತುವ ಮುಂಚೆಯೇ ಅಷ್ಟು ದೂರ ಮುಗಿದಿರುತ್ತದೆ. ಡಿಕ್ಕಿಯ ಪೆಟ್ಟು ವೇಗದ ವರ್ಗದಂತೆ ಏರುವುದರಿಂದ 40ರ ಪೆಟ್ಟು 25ರದಕ್ಕಿಂತ ಎರಡೂವರೆ ಪಟ್ಟು. ಇನ್ನು ಉಳಿತಾಯ ಎಷ್ಟು? 12 ಕಿ.ಮೀ.ಗೆ 25ರಲ್ಲಿ 29 ನಿಮಿಷ, 40ರಲ್ಲಿ 18. ಸಿಗ್ನಲ್ಲು, ತಿರುವು, ಮಕ್ಕಳ ಗಾಡಿ ಎಲ್ಲ ಕಳೆದರೆ ಕೈಗೆ ಉಳಿಯುವುದು ಐದಾರು ನಿಮಿಷ. ಆ ನಿಮಿಷಗಳನ್ನು ಮನೆ ತಲುಪಿದ ಮೇಲೆ ಏನು ಮಾಡುತ್ತಿದ್ದೆವು ಎಂದು ಕೇಳಿದರೆ ನಾಚಿಕೆಯಾಗುತ್ತದೆ.

ಅಂದ ಮೇಲೆ ಶಕ್ತಿಯನ್ನು ಪಳಗಿಸಲು ಹೊರಟೆವು. ಪರದೆಯ ಮೆನುವಿನಲ್ಲಿ 26 ಆಂಪಿಯರನ್ನು 9ಕ್ಕೆ ಇಳಿಸಿದೆವು. ಜಿಗಿಯದೆ ಮೆಲ್ಲನೆ ಹೊರಡುವಂತೆ ಮಾಡಿದೆವು. ಕಂಟ್ರೋಲರಿನಿಂದ ಹೊರಬಂದ ತಂತಿಗಳಲ್ಲಿ ಒಂದು ಜೊತೆ ಬಿಳಿಯದು. ಅದರ ಎರಡು ತುದಿಗಳನ್ನು ಕೂಡಿಸಿದರೆ 25ರ ಹತ್ತಿರ ಮೋಟಾರು ಕೈಬಿಡುತ್ತದೆ, ಬಿಡಿಸಿದರೆ ಮತ್ತೆ ಓಡುತ್ತದೆ. ಕೂಡಿಸಲು ಎರಡು ನಿಮಿಷ. ಬಿಡಿಸಲು ಅಷ್ಟೂ ಬೇಡ.

ನಮ್ಮ ಲೇಖನದ ಪ್ರಶ್ನೆ ಇರುವುದು ಈ ಬಿಳಿ ತಂತಿಯಲ್ಲಿ. ಬೀಗದ ಕೈ ನಮ್ಮ ಜೇಬಿನಲ್ಲೇ ಇದ್ದರೆ ಅದನ್ನು ಬೀಗ ಎನ್ನಬಹುದೇ?

ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರ ಒಂದು ಬೆಳಿಗ್ಗೆ ಮಳೆ, ಎದುರುಗಾಳಿ, ಮೇಲಾಗಿ ತಡ. "ಇವತ್ತೊಂದು ದಿನ" ಎಂದು ತಂತಿ ಬಿಡಿಸಿದೆವು. ಸಂಜೆ ಕೂಡಿಸಲು ಮರೆತೆವು. ಮರೆತೆವು ಎನ್ನುವುದೂ ಪೂರ್ತಿ ನಿಜವಲ್ಲ. ಒಂಬತ್ತು ದಿನ ಹಾಗೇ ಓಡಿಸಿದೆವು. ಆಮೇಲೆ ಮೆನುವಿಗೆ ಗುಟ್ಟಿನ ಅಂಕಿ ಹಾಕಿ, ತಂತಿಗೆ ಅಂಟು ಸುತ್ತಿ, ಆ ಅಂಕಿ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಲಿ ಎಂದು ನಿಶ್ಚಯಿಸಿದೆವು. ಆ ಒಬ್ಬರು ಮನೆಯ ಪೊಲೀಸಾದರು, ಉಳಿದಿಬ್ಬರು ಅವರನ್ನು ಒಲಿಸಿಕೊಳ್ಳುವ ವಕೀಲರಾದರು. ಸೈಕಲ್ಲು ಪಳಗಿತು, ಮನೆಯಲ್ಲಿ ಜಗಳ ಹತ್ತಿತು. ಕಡೆಗೆ ಒಂದು ದಿನ ಆ ಪೊಲೀಸರಿಗೇ ಕೆಲಸಕ್ಕೆ ತಡವಾಗಿ ಅಂಟು ಬಿಚ್ಚಿದ್ದು ಬಯಲಾಯಿತು. ಸಂಯಮವನ್ನು ಇನ್ನೊಬ್ಬರ ಹತ್ತಿರ ಅಡವಿಟ್ಟರೆ ಆಗುವುದು ಇಷ್ಟೇ.

ನಮ್ಮ ಮನೆಯ ಕಿರಿಯ ಸದಸ್ಯರದೊಂದು ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. "ಅಂಗಳದಲ್ಲಿರುವ ಕಾರು 180ರಲ್ಲಿ ಓಡಬಲ್ಲದು. ಅದಕ್ಕೆ ಯಾರೂ ಬಿಳಿ ತಂತಿ ಕಟ್ಟಿಲ್ಲ. ಟನ್ನುಗಟ್ಟಲೆ ತೂಗುವ ಅದರ ಮೇಲೆ ಇಲ್ಲದ ಸಂಶಯ ನಮ್ಮ ಈ ಬಡ ಸೈಕಲ್ಲಿನ ಮೇಲೆ ಏಕೆ?" ಯೂರೋಪಿನಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಹೊಸ ಕಾರುಗಳಲ್ಲಿ ವೇಗಮಿತಿ ನೆನಪಿಸುವ ಯಂತ್ರ ಇರಲೇಬೇಕು, ನಿಜ. ಆದರೆ ಅದನ್ನೂ ಚಾಲಕ ಆರಿಸಿಬಿಡಬಹುದು. ಅಲ್ಲೂ ಕೈ ಜೇಬಿನಲ್ಲೇ. 50ರಲ್ಲಿ ಹರಿಯುವ ಕಾರುಗಳ ನಡುವೆ 25ರಲ್ಲಿ ತೆವಳುವುದೇ ಅಪಾಯ ಎಂಬ ಮಾತಿನಲ್ಲೂ ಹುರುಳಿದೆ. ನಾವೇ ಅನುಭವಿಸಿದ್ದೇವೆ.

ಇದಕ್ಕೆ ಉತ್ತರ ಹೊಳೆಯಲು ನಮಗೆ ಬಹಳ ದಿನ ಹಿಡಿಯಿತು. ಕಾರಿಗೆ ನಂಬರ್ ಪ್ಲೇಟ್ ಇದೆ, ವಿಮೆ ಇದೆ, ಪರೀಕ್ಷೆ ಬರೆದು ಪಡೆದ ಲೈಸೆನ್ಸ್ ಇದೆ. ಅಂದರೆ ಶಕ್ತಿ ಕೊಡುವಾಗ ಸಮಾಜ ನಮ್ಮ ಹೆಸರನ್ನು ಒತ್ತೆಯಾಗಿ ಇಟ್ಟುಕೊಳ್ಳುತ್ತದೆ. ಸೈಕಲ್ಲಿಗೆ ಇದೊಂದೂ ಇಲ್ಲ. ಹೆಸರಿಲ್ಲದೆ, ಕಾಗದಪತ್ರವಿಲ್ಲದೆ, ಮಕ್ಕಳು ಮುದುಕರು ಓಡಾಡುವ ಉದ್ಯಾನದಲ್ಲೂ ಸೈಕಲ್ಲಿನವನು ನುಸುಳಬಹುದು. ಅವನಿಂದ ಆಗಬಹುದಾದ ಕೇಡು ಚಿಕ್ಕದು ಎಂಬ ನಂಬಿಕೆಯ ಮೇಲೆ ಕೊಟ್ಟ ಸಲಿಗೆ ಅದು. ನಾವು ಮಾಡಿದ್ದೇನು? ಶಕ್ತಿ ಮೊಪೆಡ್ಡಿನದು ಬೇಕು, ಸಲಿಗೆ ಸೈಕಲ್ಲಿನದು ಬೇಕು ಎಂದೆವು. ಕಾಲುವೆ ದಂಡೆಯ ಆ ಹಿರಿಯರಿಗೆ ಕಾಲು ಮುರಿದಿದ್ದರೆ ಅವರ ಆಸ್ಪತ್ರೆ ಖರ್ಚು ಕೊಡಲು ಒಂದು ವಿಮಾ ಕಂಪನಿಯೂ ಇರಲಿಲ್ಲ. ನಾವು ಎದ್ದು ಓಡಿಹೋಗಿದ್ದರೆ ಹಿಡಿಯಲು ಒಂದು ಅಂಕಿಯೂ ಇರಲಿಲ್ಲ.

ಇದನ್ನೇ ಕಾನೂನು ಬೇರೆ ಮಾತಿನಲ್ಲಿ ಹೇಳುತ್ತದೆ. 2023ರ ರಸ್ತೆ ಸಂಚಾರ ಕಾಯ್ದೆಯ ಮೇರೆಗೆ ಐರ್ಲೆಂಡಿನಲ್ಲಿ 2024ರ ಮೇ 20ರಿಂದ ಬಂದ ನಿಯಮ ಹೀಗಿದೆ: ಮೋಟಾರಿನ ನಿರಂತರ ಶಕ್ತಿ 250 ವ್ಯಾಟ್ ಮೀರದೆ, ತುಳಿದಾಗ ಮಾತ್ರ ನೆರವಾಗಿ, 25 ಕಿ.ಮೀ.ಗೆ ಕೈಬಿಟ್ಟರೆ ಅದು ಸೈಕಲ್. ಮೀರಿದರೆ ಮೊಪೆಡ್. ಆಗ ನೋಂದಣಿ, ತೆರಿಗೆ, ವಿಮೆ, ಲೈಸೆನ್ಸ್ ಎಲ್ಲ ಬೇಕು. ನಮ್ಮ ಊರಿನ ಕಡೆಯೂ 250 ವ್ಯಾಟಿಗಿಂತ ಕಡಿಮೆ, 25 ಕಿ.ಮೀ. ಒಳಗಿನ ಗಾಡಿಗೆ ನೋಂದಣಿ ಬೇಡ ಎಂಬ ಇದೇ ಲೆಕ್ಕ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಲೂಕನ್ನಿಗೆ 1900ರಲ್ಲೇ ವಿದ್ಯುತ್ ಟ್ರ್ಯಾಮ್ ಓಡುತ್ತಿತ್ತಂತೆ, 1940ರಲ್ಲಿ ನಿಂತಿತಂತೆ. ನಿಲ್ಲಿಸದೆ ಇದ್ದಿದ್ದರೆ ನಮಗೆ ಈ ಸೈಕಲ್ಲಿನ ಗೊಡವೆಯೇ ಬರುತ್ತಿರಲಿಲ್ಲ. ಇರಲಿ.

ನಿಯಮ ಓದಿದಾಗ ಇನ್ನೊಂದು ಸಂಗತಿ ತಿಳಿದು ಪೆಚ್ಚಾದೆವು. ಕಾನೂನು ನೋಡುವುದು ಮೋಟಾರಿನ ನಿರಂತರ ಶಕ್ತಿಯನ್ನು. ಮೆನುವಿನಲ್ಲಿ ನಾವು ಎಷ್ಟೇ ಇಳಿಸಿದರೂ ಮೋಟಾರಿನ ಮೈಮೇಲೆ ಕೊರೆದದ್ದು 1000 ಎಂದೇ. ಅಂದರೆ ಪಳಗಿಸಿದ್ದರಿಂದ ನಮ್ಮ ಮನಸ್ಸಿಗೆ ಸಮಾಧಾನವಾಗಿತ್ತೇ ಹೊರತು, ಬೀದಿಯಲ್ಲಿ ತಡೆದು ನಿಲ್ಲಿಸಿದವರಿಗೆ ತೋರಿಸಲು ಏನೂ ಇರಲಿಲ್ಲ. ಮೊದಲು ಇದು ಬರೀ ಕಾಗದದ ತಕರಾರು ಎನ್ನಿಸಿತ್ತು. ಬಿಳಿ ತಂತಿಯ ಒಂಬತ್ತು ದಿನ ನೆನಪಾದಾಗ ಹಾಗನ್ನಿಸಲಿಲ್ಲ. ನಮ್ಮ ಮಾತನ್ನು ನಾವೇ ನಂಬಲಾರದೆ ಹೋದಾಗ ಇತರರು ನಂಬಲಿ ಎನ್ನುವುದು ಹೇಗೆ?

ಪಂಪನ ಆದಿಪುರಾಣದಲ್ಲಿ ಬರುವ, ನಮಗೆಲ್ಲ ಅಜ್ಜಿಯರು ಹೇಳಿದ ಕತೆಯನ್ನು ಆಗ ನೆನೆದೆವು. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣ ಭರತನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಇಳಿಸಿದ. ಆ ಇಳಿಸಿದ್ದನ್ನೇ ನಾವು ಯಾವಾಗಲೂ ಹೊಗಳುತ್ತೇವೆ. ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಗೆದ್ದ ರಾಜ್ಯವನ್ನು ಮುಂದೊಂದು ದಿನಕ್ಕೆ ಬೇಕಾದೀತೆಂದು ಷೆಡ್ಡಿನಲ್ಲಿ ಇಟ್ಟುಕೊಳ್ಳದೆ ಬಿಟ್ಟು ನಡೆದ. ಶಕ್ತಿಯನ್ನು ತಡೆದು ಹಿಡಿಯುವುದಕ್ಕಿಂತ ಅದನ್ನು ಕೈಯಿಂದ ಬಿಡುವುದೇ ಸುಲಭವೆಂದು ಅವನಿಗೆ ಗೊತ್ತಿತ್ತೋ ಏನೋ. ನಾವಂತೂ ಸಂಸಾರಿಗಳು. ಬೆಟ್ಟದ ಮೇಲೆ ನಿಲ್ಲುವವರಲ್ಲ, ನಾಕ್‌ಮರೂನ್ ಏರು ಹತ್ತಬೇಕಾದವರು.

ಆದ್ದರಿಂದ ಸಣ್ಣ ಬಿಡುಗಡೆ ಮಾಡಿದೆವು. 250 ವ್ಯಾಟಿನ, ಒಳಗೆ ಗೇರಿರುವ ಮೋಟಾರು ತಂದು ಹಾಕಿದೆವು. ಕಾಲು ಎಷ್ಟು ಒತ್ತುತ್ತದೋ ಅಷ್ಟೇ ನೆರವು ಕೊಡುವ ಸೆನ್ಸರ್ ಕೂಡಿಸಿದೆವು. ವಿಚಿತ್ರವೆಂದರೆ ಏರಿನಲ್ಲಿ ಇದು, 9 ಆಂಪಿಯರಿಗೆ ಕಟ್ಟಿಹಾಕಿದ ಆ ದೊಡ್ಡ ಮೋಟಾರಿಗಿಂತ ಚೆನ್ನಾಗಿ ಹತ್ತುತ್ತದೆ. ದೊಡ್ಡದಕ್ಕೆ ಗೇರಿಲ್ಲದ್ದರಿಂದ ನಿಧಾನಗತಿಯಲ್ಲಿ ಅದರ ಶಕ್ತಿ ಬಹಳಷ್ಟು ಬರೀ ಬಿಸಿಯಾಗಿ ಹೋಗುತ್ತಿತ್ತು. ಬೆಳಿಗ್ಗೆ ಆರು ನಿಮಿಷ ಮುಂಚೆ ಹೊರಡುತ್ತೇವೆ. 25 ದಾಟಿದ ಮೇಲೆ ಕಾಲೇ ಗತಿ. ಬ್ರೇಕುಗಳನ್ನೂ ಬದಲಿಸಿದ್ದೇವೆ. ಸಾಲಿನಲ್ಲಿ ಕೇಳಿದ ಆ ತಾಯಿಗೆ ಈಗ ಉತ್ತರ ಕೊಡಬಹುದು: ಒಣ ದಾರಿಯಲ್ಲಿ, 25ರ ವೇಗದಲ್ಲಿ, ನಮ್ಮ ಅಂಗಳದ ಮುಂದಿನ ಬೀದಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅಳೆದಾಗ, ಎರಡು ಕಾರಿನ ಉದ್ದದಷ್ಟರಲ್ಲಿ ನಿಂತಿತು.

ಹಳೆಯ ಮೋಟಾರು ಮಾತ್ರ ಇನ್ನೂ ಇದೆ. ಮಾರೋಣವೆಂದು ಪರಿಚಿತರಲ್ಲಿ ಹೇಳಿದ್ದಾಗ ನಮ್ಮವರೇ ಆದ ಒಬ್ಬ ವಿದ್ಯಾರ್ಥಿ ಬಂದ. ಹಗಲು ಓದು, ರಾತ್ರಿ ಮನೆಮನೆಗೆ ಊಟ ತಲುಪಿಸುವ ಕೆಲಸ. ತಲುಪಿಸಿದಷ್ಟಕ್ಕೇ ಹಣ. ನಮಗೆ ಐದಾರು ನಿಮಿಷ ಎಂದರೆ ಸೋಫಾದ ಮೇಲೆ ಕೂರುವ ಹೊತ್ತು, ಅವನಿಗೆ ಅದು ಬಾಡಿಗೆಯ ಒಂದು ಪಾಲು. ನಮ್ಮ ಲೆಕ್ಕವನ್ನೆಲ್ಲ ಅವನ ಮುಂದೆ ಒಪ್ಪಿಸಿದೆವು. ಮರ್ಯಾದೆಯಿಂದ ಕೇಳಿಸಿಕೊಂಡ. "ನೀವು ಕೊಡದಿದ್ದರೆ ಬೇರೆ ಕಡೆ ತಗೋತೀನಿ ಸಾರ್, ಅಲ್ಲಿ ಜಾಸ್ತಿ ದುಡ್ಡು" ಎಂದ. ಅವನ ವೇಗಕ್ಕೆ ನಾವು ಮಾತ್ರ ಹೊರಗಿನವರಲ್ಲ. ಮಳೆಯ ರಾತ್ರಿ ದೋಸೆ ತರಿಸಿ, ಇನ್ನೂ ಬರಲಿಲ್ಲವೆಂದು ಫೋನು ನೋಡುತ್ತಾ ಕೂರುವವರು ನಾವೇ.

ಕೊಡಲಿಲ್ಲ. ಕೊಡದೆ ಕಳಿಸಿದ್ದೂ ಸರಿಯೆನ್ನಿಸಲಿಲ್ಲ. ನಮ್ಮಲ್ಲಿ ಉಳಿದಿದ್ದ ಎರಡು ಒಳ್ಳೆಯ ದೀಪ, ಹೊಳೆಯುವ ಕೋಟು ಕೊಟ್ಟೆವು. ಊಟ ಮಾಡಿ ಹೋದ. ಮೋಟಾರು ಹಿತ್ತಲ ಷೆಡ್ಡಿನಲ್ಲಿ ಗೊಂಬೆ ಹಬ್ಬದ ಮೆಟ್ಟಿಲ ಹಲಗೆಗಳ ಕೆಳಗೆ ಇದೆ. ಅದರ ಬಿಳಿ ತಂತಿ ಕೂಡಿಸಿದೆಯೋ ಬಿಡಿಸಿದೆಯೋ, ನೋಡಲು ಹೋಗಿಲ್ಲ.