ಮುದ್ರಣವೂ ಅನರ್ಥದಂಡವೂ

ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಅಂದು ಪ್ರತಿಯೊಂದು ಓಲೆಯೂ ಲಿಪಿಕಾರನ ಕೈಶ್ರಮದ ಫಲ. ಅದನ್ನು ವ್ಯರ್ಥಗೊಳಿಸಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಇಂದು ಸಾವಿರ ಪ್ರತಿಗಳು ಅಲ್ಪಕಾಲದಲ್ಲಿ ಸಿದ್ಧವಾಗುತ್ತವೆ. ಕಾರ್ಯವು ಸುಲಭವಾದಷ್ಟೂ ವಿವೇಕ ಹೆಚ್ಚಾಗಬೇಕಲ್ಲವೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಶ್ರಾವಕರಿಗೆ ಕಾಗದವು ದೂರದ ವಸ್ತುವಲ್ಲ. ನರಸಿಂಹರಾಜಪುರದ ಬಳಿ ಹರಿಯುವ ಭದ್ರೆಯೇ ಮುಂದೆ ಭದ್ರಾವತಿಯನ್ನು ಸೇರುತ್ತಾಳೆ. 1936ರಲ್ಲಿ ಸ್ಥಾಪಿತವಾದ ಅಲ್ಲಿನ ಕಾಗದ ಕಾರ್ಖಾನೆ ಇಂದು ಉತ್ಪಾದನೆ ನಿಲ್ಲಿಸಿದೆ. ಅದಕ್ಕಾಗಿ ಮಲೆನಾಡಿನಲ್ಲಿ ಬೆಳೆಸಿದ ಅಕೇಶಿಯ ನೆಡುತೋಪುಗಳನ್ನು ನಾವು ಕಂಡಿದ್ದೇವೆ. ಪ್ರತಿ ಹಾಳೆಯ ಹಿಂದೆಯೂ ವನಸ್ಪತಿಕಾಯ, ಜಲಕಾಯ ಜೀವಿಗಳ ಹಿಂಸೆಯಿದೆ.

ಗೃಹಸ್ಥನಿಗೆ ಪ್ರಯೋಜನಾರ್ಥವಾದ ಆರಂಭಹಿಂಸೆ ಅನಿವಾರ್ಯ. ನಿಷ್ಪ್ರಯೋಜಕ ಹಿಂಸೆಯನ್ನು ತೊರೆಯುವುದೇ ಅನರ್ಥದಂಡವಿರತಿ. ಈ ಗುಣವ್ರತವನ್ನು ಮುದ್ರಣಕ್ಕೆ ಅನ್ವಯಿಸಿ ನೋಡೋಣ. ಡಬಲ್ ಕ್ರೌನ್ ಹಾಳೆಯ ಅಳತೆ 20×30 ಅಂಗುಲ. ಅಂಚು ಕತ್ತರಿಸುವ ಮುನ್ನಿನ ಲೆಕ್ಕದಲ್ಲಿ, 5×7.5 ಅಂಗುಲದ ಆಮಂತ್ರಣಪತ್ರಿಕೆಗಳು ಅದರಲ್ಲಿ 16 ಬರುತ್ತವೆ. ಅಗಲವನ್ನು ಕಾಲಂಗುಲ ಹೆಚ್ಚಿಸಿದರೆ, ಎಲ್ಲವನ್ನೂ ಅದೇ ದಿಕ್ಕಿನಲ್ಲಿ ಜೋಡಿಸುವಾಗ ಬರುವುದು 12 ಮಾತ್ರ. 1200 ಪತ್ರಿಕೆಗಳಿಗೆ 75 ಹಾಳೆ ಸಾಲುವಲ್ಲಿ 100 ಬೇಕಾಗುತ್ತದೆ. ಕಾಲಂಗುಲದ ಅಂದಕ್ಕೆ 25 ಹಾಳೆಗಳ ಬೆಲೆ! ಇದು ಅನರ್ಥದಂಡವಲ್ಲದೆ ಮತ್ತೇನು?

ಈ ದೋಷ ಮುದ್ರಕನದಲ್ಲ, ಕೇಳುವ ನಮ್ಮದು. ಹಾಳೆಗೆ ಹೊಂದುವ ಅಳತೆ, ಮನೆಗಳನ್ನು ಎಣಿಸಿ ನಿರ್ಧರಿಸಿದ ಪ್ರತಿಸಂಖ್ಯೆ, ಕರಡನ್ನು ಇಬ್ಬರು ತಿದ್ದಿದ ಬಳಿಕವೇ ಒಪ್ಪಿಗೆ, ಪ್ಲಾಸ್ಟಿಕ್ ಲ್ಯಾಮಿನೇಷನ್ನಿನ ವರ್ಜನೆ – ಇವು ಬಸದಿಯ ಆಡಳಿತ ಮಂಡಳಿಯ ಕೈಯಲ್ಲಿವೆ. ಮುಂಚಿತವಾಗಿ ಕೆಲಸ ಒಪ್ಪಿಸಿದರೆ ಮುದ್ರಕನು ಎರಡು ಕೆಲಸಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಬಲ್ಲನು. ಯಂತ್ರವನ್ನು ಹದಗೊಳಿಸುವಾಗ ಕೆಡುವ ಹಾಳೆಗಳೂ ಉಳಿಯುತ್ತವೆ. ರೋಲರ್ ತೊಳೆದ ದ್ರವವನ್ನು ಚರಂಡಿಗೆ ಚೆಲ್ಲದೆ, ತಿಳಿಯಾಗಲು ಬಿಟ್ಟು ಮೊದಲ ತೊಳೆತಕ್ಕೆ ಮರುಬಳಸಿದರೆ ಅವನ ಖರ್ಚೂ ತಗ್ಗುತ್ತದೆ, ತುಂಗೆಯ ಜಲಚರಗಳಿಗೂ ಅಭಯ ದೊರೆಯುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪ್ರತಿಗಳನ್ನು ಕಡಿಮೆ ಮಾಡಿದರೆ ಚಿಕ್ಕ ಊರಿನ ಮುದ್ರಕನ ಜೀವನೋಪಾಯಕ್ಕೆ ಧಕ್ಕೆಯಾಗದೇ? ಮರವನ್ನು ಉಳಿಸಿ ಮನುಷ್ಯನನ್ನು ನೋಯಿಸುವುದೂ ಅಹಿಂಸೆಯಲ್ಲ. ಆದುದರಿಂದ ಉಳಿತಾಯವು ಯಾರ ಪಾಲಾಗುವುದೆಂಬುದೇ ಮುಖ್ಯ. ಅದನ್ನೆಲ್ಲ ನಾವೇ ಇಟ್ಟುಕೊಂಡರೆ ಅದು ವ್ರತದ ವೇಷ ತೊಟ್ಟ ಲೋಭ. ಕಾಗದಕ್ಕೆ ಕೊಡುತ್ತಿದ್ದುದರಲ್ಲಿ ಒಂದಂಶವನ್ನು ಅವನ ಶ್ರಮಕ್ಕೆ ಕೊಟ್ಟು, ಹಣವನ್ನು ತಡಮಾಡದೆ ಸಲ್ಲಿಸಿ, ಉಳಿದುದರಲ್ಲಿ ಮಕ್ಕಳು ಓದುವಂತಹ ಗ್ರಂಥವೊಂದನ್ನು ಅವನಿಂದಲೇ ಮುದ್ರಿಸಿದರೆ ಅದು ಶಾಸ್ತ್ರದಾನ.

ಜಿನಬಿಂಬದ ಚಿತ್ರವಿರುವ ಆಮಂತ್ರಣವು ಉತ್ಸವದ ಮರುದಿನ ಕಾಲಡಿ ಬೀಳುವುದನ್ನು ಕಂಡು ನೋಯದ ಶ್ರಾವಕನಿಲ್ಲ. ಆ ನೋವು ಉತ್ಸವದ ನಂತರವಲ್ಲ, ಮುದ್ರಣಕ್ಕೆ ಒಪ್ಪಿಸುವ ಮುನ್ನವೇ ನಮ್ಮಲ್ಲಿ ಎಚ್ಚರವಾಗಲಿ.